ಇಸಿಜಿ ನಾರ್ಮಲ್, ಕೊಲೆಸ್ಟ್ರಾಲ್ ಮಾತ್ರ ಹೆಚ್ಚು: ಮಾತ್ರೆ ನುಂಗಲೇಬೇಕೇ?

ಪ್ರಶ್ನೆ: ನನಗೆ 46 ವರ್ಷ. ಸಕಲೇಶಪುರ ತಾಲ್ಲೂಕಿನವನು. ಹಾಸನ–ಮಂಗಳೂರು ನಡುವೆ ಸರಕು ವಾಹನ ಓಡಿಸುತ್ತೇನೆ. ನಮ್ಮ ಜಿಲ್ಲೆಯಲ್ಲಿ ಹೃದಯಾಘಾತದ ಸುದ್ದಿಗಳು ಬಂದಾಗ ಹೆದರಿ ತಪಾಸಣೆ ಮಾಡಿಸಿದೆ. ಇಸಿಜಿ, ಎಕೋ ನಾರ್ಮಲ್. ರಕ್ತದಲ್ಲಿ ಒಟ್ಟು ಕೊಲೆಸ್ಟ್ರಾಲ್ 248, ಟ್ರೈಗ್ಲಿಸರೈಡ್ 210, ಎಚ್‌ಡಿಎಲ್ 38, ಎಲ್‌ಡಿಎಲ್ 168, ಖಾಲಿ ಹೊಟ್ಟೆಯ ಶುಗರ್ 108. ತೂಕ 66 ಕೆ.ಜಿ. ಇದ್ದೇನೆ, ದಪ್ಪ ಇಲ್ಲ. ತಂದೆ 52ನೇ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ದಿನಕ್ಕೆ ಐದಾರು ಸಿಗರೇಟು ಸೇದುತ್ತೇನೆ. ವೈದ್ಯರು ಅಟೊರ್ವಾಸ್ಟಾಟಿನ್ 20 ಮಿ.ಗ್ರಾಂ. ಬರೆದುಕೊಟ್ಟರು. ಮೂರು ವಾರ ತೆಗೆದುಕೊಂಡೆ, ಕಾಲು ನೋವು ಬಂತು. ಒಮ್ಮೆ ಶುರು ಮಾಡಿದರೆ ಸಾಯುವವರೆಗೂ ಬಿಡುವಂತಿಲ್ಲ, ಲಿವರ್ ಹಾಳಾಗುತ್ತದೆ ಎಂದು ಭಾವ ಹೇಳಿದ ಮೇಲೆ ನಿಲ್ಲಿಸಿದೆ. ಈಗ ಬೆಳ್ಳುಳ್ಳಿ, ಶುಂಠಿ, ನಿಂಬೆರಸ, ಆಪಲ್ ಸೈಡರ್ ವಿನೆಗರ್, ಜೇನುತುಪ್ಪದ ಕಷಾಯ ಕುಡಿಯುತ್ತಿದ್ದೇನೆ. ಮೊಟ್ಟೆ ಪೂರ್ತಿ ಬಿಟ್ಟಿದ್ದೇನೆ. ಊಟದಲ್ಲೇ ಕೊಲೆಸ್ಟ್ರಾಲ್ ಇಳಿಸಲು ಆಗುವುದಿಲ್ಲವೇ? ಕಾಫಿ ಬಿಡಬೇಕೇ?

ಉತ್ತರ: ನಿಮ್ಮ ಪ್ರಶ್ನೆಗಳು ಹಲವಾದರೂ ಮೊದಲು ಹೇಳಬೇಕಾದ ಮಾತು ಒಂದೇ. ನಿಲ್ಲಿಸಿರುವ ಮಾತ್ರೆಯನ್ನು ನಿಮ್ಮ ವೈದ್ಯರನ್ನು ಕಂಡು ಮತ್ತೆ ಶುರು ಮಾಡಿ. ಕಷಾಯ ಇಷ್ಟವಾದರೆ ಕುಡಿಯಿರಿ, ಆದರೆ ಅದನ್ನು ಮಾತ್ರೆಯ ಜಾಗದಲ್ಲಿ ಕೂರಿಸಬೇಡಿ. ಊಟದಲ್ಲಿ ಬದಲಾವಣೆ ಖಂಡಿತ ಬೇಕು. ತಮಾಷೆಯೆಂದರೆ, ನೀವು ಬಿಟ್ಟಿರುವ ಮೊಟ್ಟೆಯನ್ನು ಬಿಡಬೇಕಾಗಿರಲಿಲ್ಲ. ಬಿಡಬೇಕಾಗಿದ್ದ ಸಿಗರೇಟು ಹಾಗೇ ಉಳಿದಿದೆ.

ನಿಮ್ಮ ಹೆದರಿಕೆ ಎಲ್ಲಿಂದ ಬಂತೆಂದು ಗೊತ್ತು. 2025ರ ಮೇ–ಜೂನ್‌ನಲ್ಲಿ ಹಾಸನ ಜಿಲ್ಲೆಯಲ್ಲಿ ಸುಮಾರು ನಲವತ್ತು ದಿನಗಳ ಅವಧಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಹಠಾತ್ತನೆ ಸತ್ತ ಸುದ್ದಿ ಬಂದಾಗ ಇಡೀ ಜಿಲ್ಲೆ ಎದೆ ಹಿಡಿದುಕೊಂಡು ಕೂತಿತ್ತು. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಿನ ಜಾವದಿಂದಲೇ ಸಾಲು. ಸರ್ಕಾರ ಜಯದೇವ ಹೃದ್ರೋಗ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸಮಿತಿ ಮಾಡಿತು. ಸಮಿತಿ ನೋಡಿದ 24 ಸಾವುಗಳಲ್ಲಿ ನಾಲ್ಕು ಹೃದಯಕ್ಕೆ ಸಂಬಂಧಿಸಿದವೇ ಅಲ್ಲ. ಉಳಿದವರಲ್ಲಿ ಕಂಡದ್ದು ಸಕ್ಕರೆ ಕಾಯಿಲೆ, ರಕ್ತದೊತ್ತಡ, ಧೂಮಪಾನ, ಮದ್ಯ, ಬೊಜ್ಜು, ಮನೆತನದಲ್ಲಿ ಹೃದ್ರೋಗ. ಅವರ ಪೈಕಿ ಆಟೊ, ಕ್ಯಾಬ್ ಚಾಲಕರೂ ಗಮನಕ್ಕೆ ಬರುವಷ್ಟು ಇದ್ದರು. ಜಿಲ್ಲೆಯಲ್ಲಿ ಹೊಸ ಪಿಡುಗೇನೂ ಕಾಣಿಸಲಿಲ್ಲ, ಕೋವಿಡ್ ಲಸಿಕೆಯ ಮೇಲಿನ ಅನುಮಾನಕ್ಕೂ ಆಧಾರ ಸಿಗಲಿಲ್ಲ. ಅಂದರೆ ಹಾಸನವನ್ನು ಕಾಡಿದ್ದು ಹಳೆಯ ಪಟ್ಟಿಯೇ. ಆ ಪಟ್ಟಿಯಲ್ಲಿ ನಿಮ್ಮ ಹೆಸರಿನ ಮುಂದೆ ಆಗಲೇ ಮೂರು ನಾಲ್ಕು ಗುರುತು ಬಿದ್ದಿವೆ.

ಆಗ ಸಾಲಿನಲ್ಲಿ ನಿಂತು ಇಸಿಜಿ ಮಾಡಿಸಿ ನಿಟ್ಟುಸಿರು ಬಿಟ್ಟು ಮನೆಗೆ ಹೋದವರು ಎಷ್ಟೋ ಮಂದಿ. ಈ ನಿಟ್ಟುಸಿರಿನ ಬಗ್ಗೆ ನನಗೆ ತಕರಾರಿದೆ. ಇಸಿಜಿ ನಿಮ್ಮ ಹೃದಯದ ವಿದ್ಯುತ್ ಚಟುವಟಿಕೆಯನ್ನು ಹತ್ತು ಸೆಕೆಂಡಿನ ಮಟ್ಟಿಗೆ ಬರೆದುಕೊಡುತ್ತದೆ. ಎಕೋ, ಹೃದಯದ ಸ್ನಾಯು ಮತ್ತು ಕವಾಟಗಳು ಹೇಗೆ ಕೆಲಸ ಮಾಡುತ್ತಿವೆ ಎಂದು ತೋರಿಸುತ್ತದೆ. ರಕ್ತನಾಳದ ಗೋಡೆಯೊಳಗೆ ಎಷ್ಟು ಕೊಬ್ಬು ಸೇರಿದೆ ಎಂಬುದನ್ನು ಎರಡೂ ಹೇಳುವುದಿಲ್ಲ. ಅಷ್ಟೇ ಅಲ್ಲ, ಬಹಳಷ್ಟು ಹೃದಯಾಘಾತಗಳು ನಾಳದ ಅರ್ಧವನ್ನೂ ಮುಚ್ಚಿರದ ಸಣ್ಣ ಕೊಬ್ಬಿನ ಗಂಟಿನಿಂದಲೇ ಆಗುತ್ತವೆ. ಆ ಗಂಟಿನ ಮೇಲಿನ ತೆಳು ಪೊರೆ ಒಂದು ದಿನ ಬಿರಿಯುತ್ತದೆ, ಬಿರಿದ ಕಡೆ ರಕ್ತ ಹೆಪ್ಪುಗಟ್ಟುತ್ತದೆ, ಆ ಹೆಪ್ಪು ನಿಮಿಷಗಳಲ್ಲಿ ನಾಳವನ್ನು ಮುಚ್ಚುತ್ತದೆ. ಹಿಂದಿನ ದಿನ ಘಾಟಿಯಲ್ಲಿ ಟೈರು ಬದಲಿಸಿದವನಿಗೂ ಇದು ಆಗಬಹುದು, ವಾರದ ಹಿಂದೆ ಇಸಿಜಿ ನಾರ್ಮಲ್ ಬಂದವನಿಗೂ ಆಗಬಹುದು. ಇಸಿಜಿ ಇವತ್ತಿನ ವಿಚಾರ ಹೇಳುತ್ತದೆ. ನಿಮ್ಮ ಎಲ್‌ಡಿಎಲ್ 168, ಅಂದರೆ ನಾಳದ ಗೋಡೆಗೆ ಸೇರುವ ಕೆಟ್ಟ ಕೊಲೆಸ್ಟ್ರಾಲ್, ಮುಂದಿನ ಇಪ್ಪತ್ತು ವರ್ಷಗಳ ವಿಚಾರ ಹೇಳುತ್ತಿದೆ.

ಈಗ ಆ ರಿಪೋರ್ಟನ್ನೇ ಎದುರಿಗೆ ಇಟ್ಟುಕೊಳ್ಳೋಣ. ಅದರಲ್ಲಿ ಎಚ್‌ಡಿಎಲ್ ಎಂದರೆ ಒಳ್ಳೆಯ ಕೊಲೆಸ್ಟ್ರಾಲ್, ಟ್ರೈಗ್ಲಿಸರೈಡ್ ಎಂದರೆ ರಕ್ತದಲ್ಲಿರುವ ಇನ್ನೊಂದು ಬಗೆಯ ಕೊಬ್ಬು. ಎಲ್ಲರ ಕಣ್ಣು ಮೊದಲು ಹೋಗುವುದು ಒಟ್ಟು ಕೊಲೆಸ್ಟ್ರಾಲ್ ಸಾಲಿಗೆ. ಅಲ್ಲಿ 200ಕ್ಕಿಂತ ಕಡಿಮೆ ಇದ್ದರೆ ಸಾಕು ಎಂದು ಜನ ನಂಬಿದ್ದಾರೆ, ಅಷ್ಟು ಸಾಲದು. ಅನೇಕ ಲ್ಯಾಬ್‌ಗಳಲ್ಲಿ ಎಲ್‌ಡಿಎಲ್ ಅನ್ನು ಅಳೆಯುವುದೂ ಇಲ್ಲ, ಲೆಕ್ಕ ಹಾಕುತ್ತಾರೆ. ನೀವೇ ಹಾಕಿ ನೋಡಬಹುದು. ಟ್ರೈಗ್ಲಿಸರೈಡ್ 210 ಅನ್ನು ಐದರಿಂದ ಭಾಗಿಸಿದರೆ 42. ಒಟ್ಟು 248ರಿಂದ ಎಚ್‌ಡಿಎಲ್ 38 ಮತ್ತು ಈ 42 ಕಳೆದರೆ ಉಳಿಯುವುದು 168. ಟ್ರೈಗ್ಲಿಸರೈಡ್ 400 ದಾಟಿದರೆ ಈ ಲೆಕ್ಕ ಕೈಕೊಡುತ್ತದೆ, ಆಗ ಎಲ್‌ಡಿಎಲ್ ಅನ್ನು ನೇರವಾಗಿ ಅಳೆಯಬೇಕು. ಇನ್ನೊಂದು ಸುಲಭದ ಅಂಕಿ ಇದೆ. ಒಟ್ಟು ಕೊಲೆಸ್ಟ್ರಾಲ್‌ನಲ್ಲಿ ಎಚ್‌ಡಿಎಲ್ ಬಿಟ್ಟು ಉಳಿದದ್ದೆಲ್ಲ ರಕ್ತನಾಳಕ್ಕೆ ಹೊರೆ, ನಿಮ್ಮಲ್ಲಿ ಅದು 210. ನಮ್ಮ ಜನರಲ್ಲಿ ಟ್ರೈಗ್ಲಿಸರೈಡ್ ಹೆಚ್ಚು, ಎಚ್‌ಡಿಎಲ್ ಕಡಿಮೆ ಇರುವುದೇ ರೂಢಿಯಾದ್ದರಿಂದ ಈ ಅಂಕಿಯನ್ನು ಎಲ್‌ಡಿಎಲ್ ಜೊತೆಗೇ ನೋಡುವುದು ಒಳ್ಳೆಯದು. ಅಂದ ಹಾಗೆ, ಈ ಪರೀಕ್ಷೆಗೆ ಹನ್ನೆರಡು ಗಂಟೆ ಉಪವಾಸ ಈಗ ಕಡ್ಡಾಯವಲ್ಲ. ಟ್ರೈಗ್ಲಿಸರೈಡ್ ತುಂಬಾ ಹೆಚ್ಚು ಬಂದರೆ ಮಾತ್ರ ಖಾಲಿ ಹೊಟ್ಟೆಯಲ್ಲಿ ಮತ್ತೊಮ್ಮೆ ನೋಡುತ್ತಾರೆ.

ಎಲ್‌ಡಿಎಲ್ ಎಷ್ಟಿರಬೇಕು? ಭಾರತೀಯ ಹೃದ್ರೋಗ ತಜ್ಞರ ಸಂಘ 2024ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಅಪಾಯ ಕಡಿಮೆ ಇರುವವರಿಗೆ 100ರ ಕೆಳಗೆ, ಹೆಚ್ಚು ಇರುವವರಿಗೆ 70ರ ಕೆಳಗೆ, ಈಗಾಗಲೇ ಹೃದಯಾಘಾತ ಆದಂಥವರಿಗೆ 55ರ ಕೆಳಗೆ ಎಂದಿದೆ. ವಯಸ್ಸು 45 ದಾಟಿದ ಗಂಡಸು, ಸಿಗರೇಟು, ಎಚ್‌ಡಿಎಲ್ 40ಕ್ಕಿಂತ ಕಡಿಮೆ, ತಂದೆಗೆ 55ರೊಳಗೆ ಹೃದಯಾಘಾತ: ಇಷ್ಟು ಸಾಕು, ನಿಮ್ಮನ್ನು ನಾನು ಎರಡನೇ ಗುಂಪಿಗೆ ಹಾಕುತ್ತೇನೆ. ರಿಪೋರ್ಟಿನ ಬಲಬದಿಯಲ್ಲಿ ಅಚ್ಚಾಗಿರುವ ನಾರ್ಮಲ್ ಮಿತಿ ಎಲ್ಲರಿಗೂ ಒಂದೇ. ನಿಮ್ಮ ತಂದೆಯ ವಿಷಯ ಲ್ಯಾಬಿನ ಪ್ರಿಂಟರಿಗೆ ಗೊತ್ತಿಲ್ಲ.

ದಪ್ಪ ಇಲ್ಲ ಎಂದಿದ್ದೀರಿ. ತೂಕದ ಯಂತ್ರಕ್ಕಿಂತ ಹೊಲಿಗೆಯ ಟೇಪು ಹೆಚ್ಚು ನಿಜ ಹೇಳುತ್ತದೆ, ಹೊಕ್ಕುಳ ಮಟ್ಟದಲ್ಲಿ ಸುತ್ತಿ ನೋಡಿ. ಗಂಡಸರಲ್ಲಿ 90 ಸೆಂ.ಮೀ. ದಾಟಿದರೆ, ಕೈಕಾಲು ಎಷ್ಟೇ ಸಣ್ಣಗಿರಲಿ, ಹೊಟ್ಟೆಯೊಳಗೆ ಕೊಬ್ಬು ಇದೆ ಎಂದೇ ಅರ್ಥ. ಶುಗರ್ 108 ಎಂದರೆ ಸಕ್ಕರೆ ಕಾಯಿಲೆಯ ಹೊಸ್ತಿಲು. ದಿನವಿಡೀ ಸ್ಟೇರಿಂಗ್ ಹಿಂದೆ ಕೂರುವವರಲ್ಲಿ ಈ ಚಿತ್ರ ಬಹಳ ಸಾಮಾನ್ಯ. ಇನ್ನು ಕೊಲೆಸ್ಟ್ರಾಲ್‌ನ ಬಹುಪಾಲು ತಟ್ಟೆಯಿಂದ ಬರುವುದೇ ಇಲ್ಲ, ಅದನ್ನು ನಮ್ಮ ದೇಹವೇ, ಮುಖ್ಯವಾಗಿ ಯಕೃತ್ತು, ತಯಾರಿಸುತ್ತದೆ. ರಕ್ತದಲ್ಲಿ ಓಡಾಡುವ ಎಲ್‌ಡಿಎಲ್ ಅನ್ನು ಹಿಡಿದು ಒಳಗೆಳೆದುಕೊಳ್ಳುವುದೂ ಯಕೃತ್ತೇ. ಹಾಗೆ ಹಿಡಿಯುವ ಗ್ರಾಹಕಗಳನ್ನು ಕಂಡುಹಿಡಿದದ್ದಕ್ಕೆ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ಬಂತು. ಕೆಲವರಿಗೆ ಈ ಗ್ರಾಹಕಗಳು ಹುಟ್ಟಿನಿಂದಲೇ ಕಡಿಮೆ ಅಥವಾ ಮಂದ. ಅಂಥವರು ಸೊಪ್ಪು ಸದೆ ತಿಂದುಕೊಂಡಿದ್ದರೂ ಎಲ್‌ಡಿಎಲ್ ಇಳಿಯುವುದಿಲ್ಲ.

ಎಲ್‌ಡಿಎಲ್ ಹಾನಿಯ ಲೆಕ್ಕ ಸೊಸೈಟಿಯ ಸಾಲದ ಬಡ್ಡಿ ಇದ್ದಂತೆ. ಮೊತ್ತ ಎಷ್ಟು ಎಂಬುದರ ಜೊತೆಗೆ ಎಷ್ಟು ವರ್ಷದಿಂದ ಇದೆ ಎಂಬುದೂ ಸೇರುತ್ತದೆ. 70ನೇ ವಯಸ್ಸಿನಲ್ಲಿ ಹೊಸದಾಗಿ 168 ಆದವರಿಗೂ 25ರಿಂದಲೇ 168 ಇದ್ದವರಿಗೂ ಅದಕ್ಕೇ ವ್ಯತ್ಯಾಸ. ನಿಮ್ಮದು ಯಾವಾಗಿನಿಂದ ಇದೆಯೋ ಯಾರಿಗೂ ಗೊತ್ತಿಲ್ಲ. 46ರವರೆಗೆ ನೋಡಿಸಿರಲಿಲ್ಲ ತಾನೇ?

ಊಟದಲ್ಲೇ ಇಳಿಸಲು ಆಗುವುದಿಲ್ಲವೇ ಎಂದು ಕೇಳಿದ್ದೀರಿ. ಇಳಿಯುತ್ತದೆ, ಆದರೆ ಎಷ್ಟು ಎಂದು ನೋಡಿ. ಜಿಡ್ಡು ಬದಲಿಸಿ, ನಾರು ಹೆಚ್ಚಿಸಿ, ಶಿಸ್ತಿನಿಂದ ನಡೆದುಕೊಂಡರೆ ಸಾಮಾನ್ಯವಾಗಿ ನೂರಕ್ಕೆ ಹತ್ತು ಹದಿನೈದರಷ್ಟು. ನಿಮ್ಮ 168 ಆಗ 145–150ಕ್ಕೆ ಬಂದೀತು. ಗುರಿ ಇರುವುದು 70ರಲ್ಲಿ. ಅಟೊರ್ವಾಸ್ಟಾಟಿನ್ 20 ಮಿ.ಗ್ರಾಂ. ಒಂದೇ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಇಳಿಸುತ್ತದೆ, ಅಂದರೆ 95ರ ಆಸುಪಾಸು. ಅದನ್ನು 40 ಮಿ.ಗ್ರಾಂ.ಗೆ ಏರಿಸಿದರೆ ದುಪ್ಪಟ್ಟು ಇಳಿಯುತ್ತದೆ ಎಂದುಕೊಳ್ಳಬೇಡಿ. ಈ ಗುಂಪಿನ ಔಷಧಿಗಳಿಗೆ ಸ್ಟ್ಯಾಟಿನ್ ಎನ್ನುತ್ತಾರೆ, ಅವುಗಳ ಪ್ರಮಾಣ ದುಪ್ಪಟ್ಟಾದಾಗ ಸಿಗುವ ಹೆಚ್ಚುವರಿ ಇಳಿಕೆ ನೂರಕ್ಕೆ ಆರರಷ್ಟು ಮಾತ್ರ. ಆದ್ದರಿಂದ ಗುರಿ ಮುಟ್ಟದಿದ್ದರೆ ಎಜೆಟಿಮೈಬ್ ಎಂಬ ಇನ್ನೊಂದು ಮಾತ್ರೆ ಸೇರಿಸುತ್ತಾರೆ. ಅದು ಕರುಳಿನಲ್ಲಿ ಕೊಲೆಸ್ಟ್ರಾಲ್ ಹೀರಿಕೊಳ್ಳುವುದನ್ನು ತಡೆದು ಇನ್ನೂ ಇಪ್ಪತ್ತರಷ್ಟು ಇಳಿಸುತ್ತದೆ. ಊಟದ ಶಿಸ್ತು, ಎರಡು ಮಾತ್ರೆ ಸೇರಿದರೆ 70 ಕೈಗೆಟುಕುವ ದೂರ. ವರ್ಷಕ್ಕೆ ಎರಡೇ ಬಾರಿ ಚುಚ್ಚುವ ಇನ್‌ಕ್ಲಿಸಿರಾನ್ ಇಂಜೆಕ್ಷನ್ ಕೂಡ ಬಂದಿದೆ. ಅದು ದುಬಾರಿ, ನಿಮಗೆ ಈಗ ಬೇಕಾಗಿಲ್ಲ.

ಇಳಿಸಿದರೆ ಏನು ಲಾಭ? ಸ್ಟ್ಯಾಟಿನ್ ಕುರಿತು ಲಕ್ಷಕ್ಕೂ ಹೆಚ್ಚು ಜನರ ಮೇಲೆ ನಡೆದ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ಎಲ್‌ಡಿಎಲ್ ಪ್ರತಿ 39 ಮಿ.ಗ್ರಾಂ. ಇಳಿದಂತೆ ಹೃದಯಾಘಾತ, ಪಾರ್ಶ್ವವಾಯುವಿನಂಥ ಅನಾಹುತಗಳು ಐದರಲ್ಲಿ ಒಂದು ಪಾಲು ತಗ್ಗುತ್ತವೆ. ನೀವು ಸುಮಾರು ನೂರು ಇಳಿಸಬೇಕು. ಅಪಾಯ ಅರ್ಧಕ್ಕೆ ಹತ್ತಿರ ಬರುತ್ತದೆ. ಇದು ಪೂರ್ತಿ ಭರವಸೆಯಲ್ಲ, ಆದರೆ ದಿನಕ್ಕೊಂದು ಮಾತ್ರೆಯಿಂದ ಇಷ್ಟು ಕೊಡುವ ಚಿಕಿತ್ಸೆ ವೈದ್ಯಶಾಸ್ತ್ರದಲ್ಲಿ ಹೆಚ್ಚಿಲ್ಲ. ಜನೌಷಧಿ ಕೇಂದ್ರದಲ್ಲಿ ಕೊಂಡರೆ ದಿನದ ಖರ್ಚು ನಿಮ್ಮ ಒಂದು ಸಿಗರೇಟಿಗಿಂತ ಕಡಿಮೆ.

ಈಗ ನಿಮ್ಮ ಭಾವನವರ ಮಾತುಗಳು. ಒಮ್ಮೆ ಶುರು ಮಾಡಿದರೆ ಬಿಡುವಂತಿಲ್ಲ ಎಂಬುದು ಅರ್ಧ ನಿಜ. ಬಿಡಬಹುದು, ಚಟ ಹಿಡಿಯುವ ಔಷಧಿ ಅಲ್ಲ. ಬಿಟ್ಟ ಕೆಲವೇ ವಾರಗಳಲ್ಲಿ ಎಲ್‌ಡಿಎಲ್ ಮೊದಲಿದ್ದ ಕಡೆಗೇ ಹಿಂದಿರುಗುತ್ತದೆ, ಅಷ್ಟೇ. ನಿಮ್ಮ ಯಕೃತ್ತಿನ ಸ್ವಭಾವ ಜೀವನಪೂರ್ತಿ ಇರುವುದರಿಂದ ಮಾತ್ರೆಯೂ ದೀರ್ಘಕಾಲ ಬೇಕಾಗುತ್ತದೆ. ಲಿವರ್ ಹಾಳಾಗುವ ಮಾತು ಬಹುಮಟ್ಟಿಗೆ ಹಳೆಯ ಭಯ. ಶುರು ಮಾಡುವ ಮೊದಲು ಎಸ್‌ಜಿಪಿಟಿ ಎಂಬ ಲಿವರ್ ಪರೀಕ್ಷೆ ನೋಡುತ್ತೇವೆ, ಅದು ಸಾಮಾನ್ಯ ಮಿತಿಯ ಮೂರು ಪಟ್ಟು ದಾಟಿದರೆ ನಿಲ್ಲಿಸಿ ಕಾರಣ ಹುಡುಕುತ್ತೇವೆ. ಅದು ಅಪರೂಪ. ಸ್ಕ್ಯಾನಿಂಗ್‌ನಲ್ಲಿ ಫ್ಯಾಟಿ ಲಿವರ್ ಬಂದಿದೆ ಎಂದು ಸ್ಟ್ಯಾಟಿನ್ ನಿಲ್ಲಿಸುವವರಿದ್ದಾರೆ. ಹಾಗೆ ನಿಲ್ಲಿಸಬೇಕಾಗಿಲ್ಲ, ಅಂಥವರಿಗೆ ಹೃದಯದ ಅಪಾಯವೇ ಹೆಚ್ಚು. ಭಾವನವರು ಹೇಳದೆ ಬಿಟ್ಟ ಒಂದು ವಿಷಯವಿದೆ, ಅದನ್ನು ನಾನು ಹೇಳುತ್ತೇನೆ. ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿರುವ ಕೆಲವರನ್ನು ಸ್ಟ್ಯಾಟಿನ್ ಸ್ವಲ್ಪ ಮುಂಚೆ ಒಳಗೆ ದಾಟಿಸಬಹುದು. ನಿಮ್ಮ ಶುಗರ್ 108 ಇರುವುದರಿಂದ ಇದು ನಿಮಗೆ ಗೊತ್ತಿರಬೇಕು. ಹೃದಯಕ್ಕೆ ಸಿಗುವ ಲಾಭದ ಮುಂದೆ ಈ ಅಪಾಯ ಸಣ್ಣದು. ವರ್ಷಕ್ಕೊಮ್ಮೆ ಮೂರು ತಿಂಗಳ ಸರಾಸರಿ ಸಕ್ಕರೆಯ ಪರೀಕ್ಷೆ ಮಾಡಿಸಿಕೊಂಡರೆ ಸಾಕು.

ಕಾಲು ನೋವಿನ ವಿಷಯವನ್ನು ತಳ್ಳಿಹಾಕುವುದಿಲ್ಲ. ಸ್ಟ್ಯಾಟಿನ್‌ನಿಂದ ಸ್ನಾಯು ನೋವು ಬರುವುದುಂಟು. ಆದರೆ 2020ರಲ್ಲಿ ಲಂಡನ್‌ನಲ್ಲಿ ಮುಗಿದ ಒಂದು ಪ್ರಯೋಗ ಬಹಳ ಸ್ವಾರಸ್ಯವಾಗಿದೆ. ತೊಂದರೆಯಾಯಿತು ಎಂದು ಸ್ಟ್ಯಾಟಿನ್ ಬಿಟ್ಟಿದ್ದ 60 ಜನರಿಗೆ ಒಂದು ವರ್ಷ ಕೆಲವು ತಿಂಗಳು ಸ್ಟ್ಯಾಟಿನ್, ಕೆಲವು ತಿಂಗಳು ನೋಡಲು ಅದರಂತೆಯೇ ಇರುವ ಖಾಲಿ ಮಾತ್ರೆ, ಕೆಲವು ತಿಂಗಳು ಏನೂ ಇಲ್ಲ, ಹೀಗೆ ಸರದಿ ಹಾಕಿದರು. ಯಾವ ತಿಂಗಳು ಯಾವ ಮಾತ್ರೆ ಎಂದು ಅವರಿಗೆ ತಿಳಿಸಲಿಲ್ಲ. ಸ್ಟ್ಯಾಟಿನ್ ತಿಂಗಳುಗಳಲ್ಲಿ ಹೇಳಿಕೊಂಡ ತೊಂದರೆಯ ನೂರಕ್ಕೆ ತೊಂಬತ್ತರಷ್ಟು ಖಾಲಿ ಮಾತ್ರೆಯ ತಿಂಗಳುಗಳಲ್ಲೂ ಇತ್ತು. ನೋವು ಸುಳ್ಳಲ್ಲ, ನೋವು ಇತ್ತು. ಅದಕ್ಕೆ ಕಾರಣ ಹೆಚ್ಚಾಗಿ ಮಾತ್ರೆಯೊಳಗಿನ ಔಷಧಿಯಲ್ಲ, ಮಾತ್ರೆಯ ಬಗ್ಗೆ ಕೇಳಿದ್ದ ಕಥೆ. ನಿಮಗೆ ನೋವು ಶುರುವಾದದ್ದು ಭಾವನ ಮಾತು ಕೇಳುವ ಮೊದಲೋ ಆಮೇಲೋ? ಕ್ಲಚ್ ತುಳಿಯುವ ಎಡಗಾಲೊಂದೇ ನೋಯುತ್ತಿದ್ದರೆ ಅದು ಸ್ಟ್ಯಾಟಿನ್ ಇರಲಿಕ್ಕಿಲ್ಲ. ಸ್ಟ್ಯಾಟಿನ್ ನೋವು ಸಾಮಾನ್ಯವಾಗಿ ಎರಡೂ ತೊಡೆ, ಎರಡೂ ಮೀನಖಂಡದಲ್ಲಿ ಸಮನಾಗಿ ಬರುತ್ತದೆ. ಮತ್ತೆ ಶುರು ಮಾಡಿದಾಗ ನೋವು ಮರಳಿದರೆ ಸ್ನಾಯುವಿಗೆ ಪೆಟ್ಟಾಗಿದೆಯೇ ಎಂದು ಹೇಳುವ ಸಿಕೆ ಎಂಬ ರಕ್ತಪರೀಕ್ಷೆ ಮಾಡಿಸಿ, ಪ್ರಮಾಣ ತಗ್ಗಿಸಬಹುದು, ರೋಸುವಾಸ್ಟಾಟಿನ್ ಎಂಬ ಇನ್ನೊಂದು ಸ್ಟ್ಯಾಟಿನ್‌ಗೆ ಬದಲಿಸಬಹುದು, ದಿನ ಬಿಟ್ಟು ದಿನ ಕೊಡಬಹುದು. ದಾರಿಗಳು ಬೇಕಾದಷ್ಟಿವೆ. ತೀವ್ರ ನೋವಿನ ಜೊತೆಗೆ ಮೂತ್ರ ಕಡು ಕಂದು ಬಣ್ಣಕ್ಕೆ ತಿರುಗಿದರೆ ಮಾತ್ರ ಅದೇ ದಿನ ಮಾತ್ರೆ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ಬೇರೆ ಯಾವುದೇ ಕಾಯಿಲೆಗೆ ಔಷಧಿ ಬರೆಸಿಕೊಳ್ಳುವಾಗ ಸ್ಟ್ಯಾಟಿನ್ ವಿಷಯ ಹೇಳಿ. ಕ್ಲಾರಿಥ್ರೊಮೈಸಿನ್‌ನಂಥ ಕೆಲವು ಆಂಟಿಬಯೋಟಿಕ್‌ಗಳು ಅದರ ಜೊತೆ ಸೇರಬಾರದು. ಚಕ್ಕೋತವನ್ನೂ ಬುಟ್ಟಿಗಟ್ಟಲೆ ತಿನ್ನಬೇಡಿ, ಅದರ ಜಾತಿಯ ಹಣ್ಣುಗಳು ಅಟೊರ್ವಾಸ್ಟಾಟಿನ್ ಅನ್ನು ರಕ್ತದಲ್ಲಿ ಹೆಚ್ಚು ಹೊತ್ತು ಉಳಿಸುತ್ತವೆ.

ಕಷಾಯಕ್ಕೆ ಬರೋಣ. 2022ರಲ್ಲಿ ಅಮೆರಿಕದ ಒಂದು ಪ್ರಯೋಗದಲ್ಲಿ 190 ಜನರನ್ನು ಗುಂಪು ಮಾಡಿ ಒಂದು ಗುಂಪಿಗೆ ರೋಸುವಾಸ್ಟಾಟಿನ್ 5 ಮಿ.ಗ್ರಾಂ., ಉಳಿದ ಗುಂಪುಗಳಿಗೆ ಬೆಳ್ಳುಳ್ಳಿ, ಅರಿಸಿನ, ಚಕ್ಕೆ, ಮೀನೆಣ್ಣೆ ಮುಂತಾದವುಗಳ ಮಾತ್ರೆ, ಒಂದಕ್ಕೆ ಖಾಲಿ ಮಾತ್ರೆ ಕೊಟ್ಟರು. ನಾಲ್ಕು ವಾರದಲ್ಲಿ ರೋಸುವಾಸ್ಟಾಟಿನ್ ಗುಂಪಿನ ಎಲ್‌ಡಿಎಲ್ ನೂರಕ್ಕೆ 38ರಷ್ಟು ಇಳಿಯಿತು. ಬೇರೆ ಯಾವ ಗುಂಪಿನದೂ ಖಾಲಿ ಮಾತ್ರೆಗಿಂತ ಹೇಳಿಕೊಳ್ಳುವಷ್ಟು ಕೆಳಗೆ ಬರಲಿಲ್ಲ. ಬೆಳ್ಳುಳ್ಳಿ ಗುಂಪಿನಲ್ಲಿ ಸ್ವಲ್ಪ ಏರಿತು. ಬೆಳ್ಳುಳ್ಳಿ ಒಗ್ಗರಣೆಗೆ ಶ್ರೇಷ್ಠ, ರಕ್ತನಾಳದ ಬ್ಲಾಕ್ ಕರಗಿಸುವುದು ಅದರ ಕೈಲಾಗದ ಕೆಲಸ. ಶುಗರ್ 108 ಇರುವವರು ದಿನವೂ ಜೇನು ಕುಡಿಯುವುದಂತೂ ಬೇಡವೇ ಬೇಡ. ಇಂಗ್ಲಿಷ್ ಔಷಧಿ ಬೇಡ, ಪ್ರಕೃತಿಯದ್ದೇ ಬೇಕು ಎನ್ನುವವರಿಗೆ ಒಂದು ವಿಷಯ ಹೇಳಲು ನನಗೆ ಯಾವಾಗಲೂ ಖುಷಿ. ಮೊದಲ ಸ್ಟ್ಯಾಟಿನ್ ಹುಟ್ಟಿದ್ದು ಬೂಷ್ಟಿನಿಂದ. ಜಪಾನಿನ ಅಕಿರಾ ಎಂಡೊ 1970ರ ದಶಕದ ಆರಂಭದಲ್ಲಿ ಸಾವಿರಾರು ಬೂಷ್ಟುಗಳನ್ನು ಜಾಲಾಡಿ, ಕ್ಯೋಟೊ ನಗರದ ಒಂದು ಧಾನ್ಯದಂಗಡಿಯ ಅಕ್ಕಿಯಿಂದ ಬಂದ ಪೆನಿಸಿಲಿಯಂನಲ್ಲಿ ಅದನ್ನು ಕಂಡರು. 1987ರಲ್ಲಿ ಲೋವಾಸ್ಟಾಟಿನ್ ಮಾರುಕಟ್ಟೆಗೆ ಬಂತು, ಅದೂ ಬೂಷ್ಟಿನ ಕೊಡುಗೆಯೇ.

ಇನ್ನು ಊಟ. ಕೊಲೆಸ್ಟ್ರಾಲ್ ಎಂದ ಕೂಡಲೇ ನಮ್ಮ ಜನ ಮೊದಲು ಬಿಡುವುದು ಮೊಟ್ಟೆ, ಆಮೇಲೆ ಕಡಲೆಕಾಯಿ. ಎರಡೂ ನಿರಪರಾಧಿಗಳು. ತಟ್ಟೆಯಲ್ಲಿರುವ ಕೊಲೆಸ್ಟ್ರಾಲ್‌ಗಿಂತ ತಟ್ಟೆಯಲ್ಲಿರುವ ಸ್ಯಾಚುರೇಟೆಡ್ ಕೊಬ್ಬು, ಅಂದರೆ ತುಪ್ಪದಂತೆ ತಣ್ಣಗಾದಾಗ ಗಟ್ಟಿಯಾಗುವ ಕೊಬ್ಬು, ರಕ್ತದ ಎಲ್‌ಡಿಎಲ್ ಅನ್ನು ಹೆಚ್ಚು ಏರಿಸುತ್ತದೆ. ದಿನಕ್ಕೊಂದು ಬೇಯಿಸಿದ ಮೊಟ್ಟೆ ಹೆಚ್ಚಿನವರಿಗೆ ತೊಂದರೆ ಕೊಡದು, ಒಂದು ಹಿಡಿ ಕಡಲೆಕಾಯಿ ಒಳ್ಳೆಯದೇ. ಎಣ್ಣೆ ಡಬ್ಬದ ಮೇಲೆ ಕೊಲೆಸ್ಟ್ರಾಲ್ ಇಲ್ಲ ಎಂದು ದೊಡ್ಡದಾಗಿ ಬರೆದಿರುವುದನ್ನು ನೋಡಿ ಮೋಸ ಹೋಗಬೇಡಿ. ಗಿಡದ ಯಾವ ಎಣ್ಣೆಯಲ್ಲೂ ಅದು ಹೇಳಿಕೊಳ್ಳುವಷ್ಟು ಇರುವುದಿಲ್ಲ. ಕೇಳಬೇಕಾದದ್ದು ಸ್ಯಾಚುರೇಟೆಡ್ ಕೊಬ್ಬು ಎಷ್ಟು ಎಂದು. ಕೊಬ್ಬರಿ ಎಣ್ಣೆಯಲ್ಲಿ ಅದು ನೂರಕ್ಕೆ ತೊಂಬತ್ತರ ಹತ್ತಿರ, ತುಪ್ಪದಲ್ಲಿ ಅರವತ್ತರ ಮೇಲೆ, ಪಾಮ್ ಎಣ್ಣೆಯಲ್ಲಿ ಅರ್ಧ, ಹಂದಿ ಕೊಬ್ಬಿನಲ್ಲಿ ನಲವತ್ತರಷ್ಟು, ಕಡಲೆಕಾಯಿ ಎಣ್ಣೆಯಲ್ಲಿ ಇಪ್ಪತ್ತರೊಳಗೆ, ಸೂರ್ಯಕಾಂತಿಯಲ್ಲಿ ಹತ್ತು ಹನ್ನೊಂದು. ಅರಸೀಕೆರೆ, ಚನ್ನರಾಯಪಟ್ಟಣದ ತೆಂಗು ಬೆಳೆಗಾರರು ನನ್ನ ಮೇಲೆ ಮುನಿಸಿಕೊಂಡರೂ ಸರಿ, ಕೊಬ್ಬರಿ ಎಣ್ಣೆ ಎಲ್‌ಡಿಎಲ್ ಏರಿಸುತ್ತದೆ ಎಂಬುದು ಪ್ರಯೋಗಗಳಲ್ಲಿ ಸ್ಪಷ್ಟವಾಗಿದೆ. ಅರ್ಧ ಹೋಳು ಕಾಯಿತುರಿ ಮನೆಮಂದಿಗೆಲ್ಲ ಹಂಚಿಹೋಗುವ ಸಾರು ಪಲ್ಯದ ಬಗ್ಗೆ ನನಗೆ ಜಗಳವಿಲ್ಲ. ಅಡುಗೆಗೆ ಕಡಲೆಕಾಯಿ ಅಥವಾ ಸೂರ್ಯಕಾಂತಿ ಎಣ್ಣೆ ಇರಲಿ, ಮನೆಯ ತಲೆಗೆ ತಿಂಗಳಿಗೆ ಅರ್ಧ ಲೀಟರ್ ದಾಟದಿರಲಿ.

ಹಂದಿ ಸಾರು ಮತ್ತು ಕಡುಬು ಬಿಡಿ ಎಂದು ಮಲೆನಾಡಿನವರಿಗೆ ಹೇಳಿದರೆ ಅವರು ವೈದ್ಯರನ್ನು ಬಿಡುತ್ತಾರೆ. ಆದ್ದರಿಂದ ಉಪಾಯ ಹೇಳುತ್ತೇನೆ. ತುಂಡಿನ ಮೇಲಿನ ಬಿಳಿ ಕೊಬ್ಬನ್ನು ಅಂಗಡಿಯಲ್ಲೇ ತೆಗೆಸಿ. ಸಾರನ್ನು ರಾತ್ರಿಯೇ ಮಾಡಿ ತಣ್ಣಗಾಗಲು ಇಡಿ. ಬೆಳಿಗ್ಗೆ ಪಾತ್ರೆಯ ಮೇಲೆ ಬಿಳಿಯಾಗಿ ಹೆಪ್ಪುಗಟ್ಟಿದ ಪದರ ಕಾಣುತ್ತದೆ. ಚಮಚದಲ್ಲಿ ಪೂರ್ತಿ ಎತ್ತಿ ಹಾಕಿ, ಉಳಿದದ್ದನ್ನು ಕುದಿಸಿ. ಕಾಚಂಪುಳಿಯ ಹುಳಿ, ಮೆಣಸಿನ ಖಾರ ಎಲ್ಲೂ ಹೋಗಿರುವುದಿಲ್ಲ. ಹೀಗೆ ಮಾಡಿ ತಿಂಗಳಿಗೆ ಒಂದೆರಡು ಸಲ ತಿನ್ನಿ. ವಾರಕ್ಕೆ ಎರಡು ಸಲ ಮಂಗಳೂರಿನಿಂದ ಬರುವಾಗ ಬಂಗುಡೆ, ಬೂತಾಯಿ ತನ್ನಿ, ಹುರಿಯದೆ ಸಾರು ಮಾಡಿಸಿ. ಅಗ್ಗದ ಈ ಮೀನುಗಳಲ್ಲೇ ಒಮೆಗಾ-3 ಎಂಬ ಒಳ್ಳೆಯ ಕೊಬ್ಬು ಹೆಚ್ಚು.

ನನಗೆ ಹಂದಿ ಸಾರಿಗಿಂತ ಹೆಚ್ಚು ಚಿಂತೆ ನಿಮ್ಮ ರಸ್ತೆ ಬದಿಯ ತಿಂಡಿಯದು. ಬೆಳಿಗ್ಗೆ ವಡೆ, ಹನ್ನೊಂದಕ್ಕೆ ಬೇಕರಿಯ ಪಫ್ಸ್, ಸಂಜೆ ಬಜ್ಜಿ. ಬೆಂಗಳೂರಿನ ಅಯ್ಯಂಗಾರ್ ಬೇಕರಿಗಳ ಮೂಲ ಹಾಸನ ಜಿಲ್ಲೆಯ ಹಳ್ಳಿಗಳೇ ಎಂಬ ಹೆಮ್ಮೆ ನನಗೂ ಇದೆ, ಆದರೆ ಪಫ್ಸ್‌ನ ಪದರ ಪದರಗಳ ನಡುವೆ ಇರುವುದು ಗಟ್ಟಿ ಕೊಬ್ಬು. 2022ರ ಜನವರಿಯಿಂದ ಎಣ್ಣೆ, ಕೊಬ್ಬುಗಳಲ್ಲಿ ಟ್ರಾನ್ಸ್ ಕೊಬ್ಬು (ವನಸ್ಪತಿಯಂತೆ ಎಣ್ಣೆಯನ್ನು ಗಟ್ಟಿ ಮಾಡುವಾಗ ಹುಟ್ಟುವ ಕೆಟ್ಟ ಕೊಬ್ಬು) ನೂರಕ್ಕೆ ಎರಡು ಮೀರಬಾರದೆಂಬ ನಿಯಮ ಬಂದಿದೆ, ಒಳ್ಳೆಯದಾಯಿತು. ಟ್ರಾನ್ಸ್ ಹೋದ ಜಾಗಕ್ಕೆ ಹೆಚ್ಚಾಗಿ ಬಂದದ್ದು ಪಾಮ್ ಎಣ್ಣೆಯ ಗಟ್ಟಿ ಭಾಗ. ಗಾಡಿಯಲ್ಲಿ ಹುರಿಗಡಲೆ, ಕಡಲೆಕಾಯಿ, ಬಾಳೆಹಣ್ಣು ಇಟ್ಟುಕೊಳ್ಳಿ. ಹೋಟೆಲಿನಲ್ಲಿ ಪೂರಿ ಬದಲು ಇಡ್ಲಿ ಹೇಳಿ. ಟ್ರೈಗ್ಲಿಸರೈಡ್ ಅನ್ನು ಏರಿಸುವುದು ಕೊಬ್ಬಿಗಿಂತ ಹೆಚ್ಚಾಗಿ ಅಕ್ಕಿ, ಸಕ್ಕರೆ ಮತ್ತು ಮದ್ಯ. ಬೆಳಿಗ್ಗೆ ಅಕ್ಕಿ ರೊಟ್ಟಿ, ಮಧ್ಯಾಹ್ನ ಅನ್ನ, ರಾತ್ರಿ ಕಡುಬು ಎಂದರೆ ಮೂರು ಹೊತ್ತೂ ಅಕ್ಕಿಯೇ ಆಯಿತು. ಒಂದು ಹೊತ್ತು ಮುದ್ದೆಯಾಗಲಿ, ತಟ್ಟೆಯಲ್ಲಿ ಅನ್ನಕ್ಕಿಂತ ಹುರುಳಿ, ಅವರೆ, ಹೆಸರುಕಾಳಿನ ಸಾರು ಪಲ್ಯ ಹೆಚ್ಚಿರಲಿ. ಕಾಳುಗಳ ಕರಗುವ ನಾರು ಎಲ್‌ಡಿಎಲ್ ಅನ್ನು ನೂರಕ್ಕೆ ಐದರಷ್ಟು ಇಳಿಸುತ್ತದೆ. ಓಟ್ಸ್ ಕೊಳ್ಳಲು ಪೇಟೆಗೆ ಹೋಗಬೇಕಾಗಿಲ್ಲ. ಮದ್ಯದ ಬಗ್ಗೆ ನೀವು ಏನೂ ಬರೆದಿಲ್ಲ. ಕುಡಿಯುತ್ತಿದ್ದರೆ ನಿಲ್ಲಿಸಿ ನೋಡಿ, ಟ್ರೈಗ್ಲಿಸರೈಡ್ ಕೆಲವೇ ವಾರಗಳಲ್ಲಿ ಇಳಿಯುತ್ತದೆ.

ಕಾಫಿ ಬಿಡಬೇಕೇ? ಕಾಫಿ ತೋಟದ ನಡುವಿನಿಂದ ಬಂದ ಪ್ರಶ್ನೆಯಾದ್ದರಿಂದ ಬಿಡಿಸಿ ಹೇಳುತ್ತೇನೆ. ಬಿಡಬೇಕಾಗಿಲ್ಲ, ಆದರೆ ಹೇಗೆ ಮಾಡುತ್ತೀರಿ ಎಂಬುದು ಮುಖ್ಯ. ಕಾಫಿ ಬೀಜದ ಎಣ್ಣೆಯಲ್ಲಿ ಕೆಫೆಸ್ಟಾಲ್ ಎಂಬ ಅಂಶವಿದೆ. ಅದು ಎಲ್‌ಡಿಎಲ್ ಏರಿಸುತ್ತದೆ. ನಾರ್ವೆಯ ಟ್ರೊಮ್ಸೊ ಎಂಬ ಊರಿನ ಅಧ್ಯಯನದಲ್ಲಿ 1983ರಲ್ಲಿ ಕಾಫಿ ಹೆಚ್ಚು ಕುಡಿಯುವವರ ಕೊಲೆಸ್ಟ್ರಾಲ್ ಹೆಚ್ಚಿರುವುದು ಕಂಡಿತು. ಬೇರೆ ಕಡೆ ಹಾಗೆ ಕಾಣಲಿಲ್ಲ. ಆಮೇಲೆ ತಿಳಿದದ್ದು, ಅಲ್ಲಿಯವರು ಪುಡಿಯನ್ನು ನೀರಿನಲ್ಲಿ ಕುದಿಸಿ ಹಾಗೇ ಬಗ್ಗಿಸಿಕೊಳ್ಳುತ್ತಿದ್ದರು, ಬೇರೆಯವರು ಕಾಗದದಲ್ಲಿ ಸೋಸುತ್ತಿದ್ದರು. ಕಾಗದ ಕೆಫೆಸ್ಟಾಲ್ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ನಮ್ಮ ತೋಟದ ಮನೆಗಳಲ್ಲಿ ಬೆಲ್ಲದ ನೀರಿಗೆ ಪುಡಿ ಹಾಕಿ ಮರಳಿಸಿ, ಚರಟ ಕೆಳಗಿಳಿದ ಮೇಲೆ ಲೋಟಕ್ಕೆ ಬಗ್ಗಿಸುವುದು ನಾರ್ವೆಯ ಪದ್ಧತಿಯೇ. ಹಿತ್ತಾಳೆ, ಸ್ಟೀಲ್ ಫಿಲ್ಟರಿನ ತೂತುಗಳೂ ಕಾಗದದಷ್ಟು ತಡೆಯಲಾರವು. ಅಜ್ಜಿಯಂದಿರು ಮಾಡುತ್ತಿದ್ದಂತೆ ದಪ್ಪ ಬಟ್ಟೆಯಲ್ಲಿ ಸೋಸಿದರೆ ಬಹುಪಾಲು ಬಟ್ಟೆಯಲ್ಲೇ ಉಳಿಯುತ್ತದೆ, ಪ್ಲಾಸ್ಟಿಕ್ ಜಾಲರಿ ಬಂದ ಮೇಲೆ ಆ ಬಟ್ಟೆ ಮೂಲೆ ಸೇರಿತು. ಅರೇಬಿಕಾಗಿಂತ ರೊಬಸ್ಟಾದಲ್ಲಿ ಕೆಫೆಸ್ಟಾಲ್ ಕಡಿಮೆ, ಇನ್‌ಸ್ಟಂಟ್ ಕಾಫಿಯಲ್ಲಿ ಇನ್ನೂ ಕಡಿಮೆ, ಚಿಕೋರಿಯಲ್ಲಿ ಇಲ್ಲವೇ ಇಲ್ಲ. ದಿನಕ್ಕೆ ಎರಡು ಲೋಟ ಕುಡಿಯುವವರು ಇದಕ್ಕೆಲ್ಲ ತಲೆಕೆಡಿಸಿಕೊಳ್ಳಬೇಡಿ. ಕುದಿಸಿದ ಕಾಫಿಯನ್ನು ಆರೇಳು ಲೋಟ ಕುಡಿಯುವವರು ಮಾತ್ರ ಬಟ್ಟೆಗೆ ಮರಳಿ, ಬೆಲ್ಲವನ್ನೂ ತಗ್ಗಿಸಿ. ಬೆಲ್ಲ ಸಕ್ಕರೆಯಲ್ಲ ಎಂದು ಟ್ರೈಗ್ಲಿಸರೈಡ್‌ಗೆ ಗೊತ್ತಿಲ್ಲ.

ಸಿಗರೇಟಿನ ಬಗ್ಗೆ ಎರಡೇ ಮಾತು. ಐದಾರು ತಾನೇ ಎಂದು ಸಮಾಧಾನ ಮಾಡಿಕೊಳ್ಳಬೇಡಿ, ಹೃದಯದ ಮಟ್ಟಿಗೆ ಕಡಿಮೆ ಸೇದುವುದು ಸುರಕ್ಷಿತವಲ್ಲ. ಪೂರ್ತಿ ಬಿಟ್ಟ ಒಂದು ವರ್ಷದಲ್ಲಿ ಸಿಗರೇಟಿನಿಂದ ಬಂದ ಹೃದ್ರೋಗದ ಹೆಚ್ಚುವರಿ ಅಪಾಯ ಅರ್ಧಕ್ಕೆ ಇಳಿಯುತ್ತದೆ, ಎಚ್‌ಡಿಎಲ್ ಸ್ವಲ್ಪ ಏರುತ್ತದೆ.

ಮಾತ್ರೆ ಮತ್ತೆ ಶುರು ಮಾಡುವಾಗ ನಿಮ್ಮ ವೈದ್ಯರಿಗೆ ಮೂರು ವಿಷಯ ಕೇಳಿ. ಒಂದು, ಥೈರಾಯ್ಡ್ ಪರೀಕ್ಷೆ. ಥೈರಾಯ್ಡ್ ಕಡಿಮೆ ಇದ್ದರೆ ಎಲ್‌ಡಿಎಲ್ ಏರುತ್ತದೆ, ಸ್ಟ್ಯಾಟಿನ್‌ನಿಂದ ಸ್ನಾಯು ನೋವೂ ಬೇಗ ಬರುತ್ತದೆ, ನಿಮ್ಮಲ್ಲಿ ಎರಡೂ ಇವೆ. ಎರಡು, ಬಿ.ಪಿ. ಇಷ್ಟೆಲ್ಲ ಅಂಕಿ ಬರೆದವರು ಅದನ್ನೇ ಬರೆದಿಲ್ಲ. ಮೂರು, ಲೈಪೊಪ್ರೋಟೀನ್ ಎ ಎಂಬ, ಎಲ್‌ಡಿಎಲ್ ಹೋಲುವ ಇನ್ನೊಂದು ಕೊಬ್ಬಿನ ಕಣದ ರಕ್ತಪರೀಕ್ಷೆ. ಇದು ವಂಶವಾಹಿಯಿಂದ ಬರುವುದು, ಜೀವನದಲ್ಲಿ ಒಮ್ಮೆ ನೋಡಿಸಿದರೆ ಸಾಕು, 50 ಮಿ.ಗ್ರಾಂ. ದಾಟಿದ್ದರೆ ತಂದೆಯ ಕಥೆಗೆ ಒಂದು ಕಾರಣ ಸಿಕ್ಕಂತೆ. ಮುಂಜಾಗ್ರತೆಗೆಂದು ಆಂಜಿಯೋಗ್ರಾಂ ಮಾಡಿಸಿಬಿಡೋಣ ಎಂದು ಯಾರಾದರೂ ಹೇಳಿದರೆ, ಎದೆನೋವು ಇಲ್ಲದ ನಿಮಗೆ ಅದು ಈಗ ಬೇಡ.

ಎದೆನೋವು ಬಂದರೆ ಮಾತ್ರ ಲೆಕ್ಕಾಚಾರವೇ ಬೇರೆ. ಎದೆಯ ನಡುವೆ ಹಿಂಡಿದಂತೆ, ಎಡಗೈ ಅಥವಾ ದವಡೆಗೆ ಹಬ್ಬುವ ನೋವು, ಜೊತೆಗೆ ಬೆವರು, ವಾಕರಿಕೆ ಬಂದರೆ ಗ್ಯಾಸ್ಟ್ರಿಕ್ ಎಂದು ಸೋಡಾ ಕುಡಿದು ಶಿರಾಡಿ ಘಾಟಿ ಇಳಿಯಲು ಹೋಗಬೇಡಿ. ಗಾಡಿ ಬದಿಗೆ ಹಾಕಿ 108ಕ್ಕೆ ಕರೆ ಮಾಡಿ, ಹತ್ತಿರದ ತಾಲ್ಲೂಕು ಆಸ್ಪತ್ರೆ ಸೇರಿ. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು ತಜ್ಞರಿಗೆ ಕಳುಹಿಸಿ, ಹೆಪ್ಪು ಕರಗಿಸುವ ಟೆನೆಕ್ಟಿಪ್ಲೇಸ್ ಇಂಜೆಕ್ಷನ್ ಅನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಇದೆ. ಹಾಸನಕ್ಕೋ ಮಂಗಳೂರಿಗೋ ಎಂದು ಚರ್ಚೆ ಮಾಡುವ ಹೊತ್ತಿನಲ್ಲಿ ಆ ಇಂಜೆಕ್ಷನ್ ಬಿದ್ದಿರಬೇಕು.

ಮಾತ್ರೆ ಶುರು ಮಾಡಿದ ಎಂಟು ವಾರಕ್ಕೆ ಮತ್ತೊಮ್ಮೆ ರಕ್ತ ಪರೀಕ್ಷೆ ಮಾಡಿಸಿ, ಆದಷ್ಟು ಅದೇ ಲ್ಯಾಬಿನಲ್ಲಿ. ಎಲ್‌ಡಿಎಲ್ 70ಕ್ಕಿಂತ ಮೇಲಿದ್ದರೆ ಎಜೆಟಿಮೈಬ್ ವಿಷಯ ಎತ್ತಿ. ಸರಿಯಾಗಿದೆ ಎಂದು ಮಾತ್ರೆ ನಿಲ್ಲಿಸಬೇಡಿ, ಸರಿಯಾಗಿರುವುದು ಮಾತ್ರೆಯಿಂದ. ಆಮೇಲೆ ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ನೋಡಿಸಿದರೆ ಸಾಕು. ನಿಮಗೆ ಅಣ್ಣ ತಮ್ಮಂದಿರು, ಅಕ್ಕ ತಂಗಿಯರು ಇದ್ದರೆ ಅವರಿಗೂ, 18 ದಾಟಿದ ಮಕ್ಕಳಿಗೂ ಇದೇ ಪರೀಕ್ಷೆ ಮಾಡಿಸಿ. ಅವರಲ್ಲಿ ಯಾರಿಗಾದರೂ ಎಲ್‌ಡಿಎಲ್ 190 ದಾಟಿದ್ದರೆ, ಅಥವಾ ಕಣ್ಣ ರೆಪ್ಪೆಯ ಸುತ್ತ ಹಳದಿ ಗಂಟುಗಳು ಕಂಡರೆ, ಅವರ ರಿಪೋರ್ಟನ್ನು ನಿಮ್ಮದರ ಜೊತೆಗೇ ವೈದ್ಯರಿಗೆ ತೋರಿಸಿ. ಮನೆತನದ ಕೊಲೆಸ್ಟ್ರಾಲ್ ಕಾಯಿಲೆಯೇ ಇದೆಯೇ ಎಂದು ನೋಡಲು, ಕಿರಿಯರು ಇದ್ದರೆ ಹದಿನೆಂಟಕ್ಕೆ ಮೊದಲೇ ಪರೀಕ್ಷಿಸಬೇಕೇ ಎಂದು ನಿರ್ಧರಿಸಲು ಅವರಿಗೆ ಅದು ಬೇಕಾಗುತ್ತದೆ.